ಚಪ್ಪಲಿಗೆ ಹೆಸರು, ಬಾಗಿಲಿಗೆ ಇಲ್ಲ

ಅಥಣಿಯ ಚಪ್ಪಲಿ ಕೊಲ್ಹಾಪುರದ ಹೆಸರು ಹೊತ್ತು ಊರೂರು ಸುತ್ತಿದ್ದು ಹಳೇ ಕತೆ. 2019ರಲ್ಲಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆ ಸೇರಿಸಿ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮುದ್ರೆ ಒತ್ತಿದರು, ಅಥಣಿ ಇರುವ ಬೆಳಗಾವಿಯೂ ಅದರಲ್ಲಿದೆ. 2025ರಲ್ಲಿ ಇಟಲಿಯ ಪ್ರಾಡಾದವರು ಅಂಥದೇ ಚಪ್ಪಲಿಯನ್ನು ಮೂಲ ಹೇಳದೆ ಫ್ಯಾಷನ್ ಶೋದಲ್ಲಿ ಮೆರೆಸಿದಾಗ ಗದ್ದಲವೋ ಗದ್ದಲ. ಆಗಲಿ, ಸಂತೋಷ. ನನ್ನ ತಕರಾರು ಬೇರೆ. ಆ ಚಪ್ಪಲಿ ಕಳಚಿಟ್ಟು ನಾವು ದಾಟುವ ಹೊಸ್ತಿಲು, ಅದರ ಮೇಲೆ ನಿಂತ ನಕ್ಷಿಯ ಚೌಕಟ್ಟು, ಇವನ್ನು ಕೆತ್ತಿದವನು ಯಾರೆಂದು ಒಬ್ಬರೂ ಕೇಳಲಿಲ್ಲವಲ್ಲ!

ಚಿಕ್ಕೋಡಿ, ರಾಯಬಾಗ, ಕಾಗವಾಡದ ಹಳೇ ಓಣಿಗಳಲ್ಲಿ ಒಮ್ಮೆ ಅಡ್ಡಾಡಿ. ಗೋಡೆ ಮಣ್ಣಿನದು, ಮಾಳಿಗೆ ಮಣ್ಣಿನದು, ಬಾಗಿಲು ಮಾತ್ರ ಸಾಗವಾನಿ. ಮೇಲ್ಪಟ್ಟಿಯ ನಡುವೆ ಗಣಪ, ಆಚೀಚೆ ಗಿಳಿ, ಎರಡೂ ನಿಲುವಿನುದ್ದಕ್ಕೆ ಬಳ್ಳಿ. ಪಕ್ಕದಲ್ಲಿ ಎಣ್ಣೆಬಣ್ಣದಲ್ಲಿ ದೇವರು ಪ್ರಸನ್ನನಾಗಿರುತ್ತಾನೆ, ಮನೆಯ ಯಜಮಾನನೂ ಇನಿಶಿಯಲ್ ಸಮೇತ ಹಾಜರಿರುತ್ತಾನೆ. ಬಡಿಗೇರ ಗೈರುಹಾಜರು.

ಈ ನಕ್ಷಿಯ ನೌಕರಿಯಲ್ಲೂ ಬಡ್ತಿ ಉಂಟು. ಹುಡುಗ ಮೊದಲು ಕಲ್ಲಿಗೆ ನೀರು ಹನಿಸುತ್ತ ಉಳಿ ಮಸೆಯಬೇಕು. ಮೊಂಡು ಉಳಿ ಕಟ್ಟಿಗೆಯ ನಾರನ್ನು ಕತ್ತರಿಸುವುದಿಲ್ಲ, ಕಿತ್ತು ತೆಗೆಯುತ್ತದೆ; ಕಿತ್ತ ಜಾಗಕ್ಕೆ ಮದ್ದಿಲ್ಲ. ಅದಾದ ಮೇಲೆ ನೆಲ ಇಳಿಸುವ ಕೆಲಸ: ಅಪ್ಪ ಗೆರೆ ಹಾಕಿಕೊಟ್ಟ ಬಳ್ಳಿಯನ್ನು ಬಿಟ್ಟು ಸುತ್ತಲಿನ ಕಟ್ಟಿಗೆಯನ್ನೆಲ್ಲ ಒಂದೇ ಆಳಕ್ಕೆ ತೆಗೆಯುತ್ತ ಕೂಡುವುದು. ಬೇಸರದ ಕೆಲಸ, ವರ್ಷಗಟ್ಟಲೆ. ಬಳ್ಳಿ ಉಬ್ಬಿ ಕಾಣುವುದೆಲ್ಲ ಈ ಹುಡುಗನ ಬೇಸರದಿಂದಲೇ. ಮುಂದೆ ಎಲೆ, ಹೂವು. ಆಮೇಲೆ ಗಿಳಿ, ನವಿಲು. ಗಣಪನ ಮುಖಕ್ಕೆ ಕೈಹಚ್ಚುವ ಅಧಿಕಾರ ಸಿಗುವಷ್ಟರಲ್ಲಿ ಮೀಸೆ ಬೆಳ್ಳಗಾಗಿ ಕಣ್ಣಿಗೆ ಮೋತಿಬಿಂದು ಬಂದಿರುತ್ತದೆ. ಬಡ್ತಿಯ ಆರ್ಡರೂ ನಿವೃತ್ತಿಯ ಆರ್ಡರೂ ಒಂದೇ ಲಕೋಟೆಯಲ್ಲಿ ಬರುವ ನೌಕರಿ!

ಹೊಟ್ಟೆಪಾಡು? ಅದು ನಕ್ಷಿಯಿಂದ ಎಂದೂ ನಡೆದದ್ದಲ್ಲ. ನೇಗಿಲು, ಕೂರಿಗೆ, ಕುಂಟೆ, ಚಕ್ಕಡಿ ನೋಡಿಕೊಂಡಿದ್ದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಆಯದ, ಅಂದರೆ ವರ್ಷದ ಪಾಲಿನ, ಜೋಳ ಸಿಗುತ್ತಿತ್ತು. ನಕ್ಷಿ ಆಯದ ಲೆಕ್ಕಕ್ಕೆ ಸೇರಿದ್ದಲ್ಲ. ಅದಕ್ಕೆ ಮಾತಾಡಿಕೊಂಡ ರೊಕ್ಕ, ಬಾಗಿಲು ನಿಲ್ಲಿಸುವ ದಿನ ಪಟಕ, ಧೋತರದ ಆಯೇರಿ. ಮನೆಯಲ್ಲಿ ಜೋಳ ಇದ್ದದ್ದಕ್ಕೇ ಒಂದು ಗಿಳಿಗೆ ವಾರಗಟ್ಟಲೆ ಕೂಡಲು ಪುರಸೊತ್ತಿತ್ತು. ಈಗ ಎಲ್ಲರೂ ಕಂಪ್ಯೂಟರ್ ಕೆತ್ತನೆ ಬಂದು ಕಲೆ ಸತ್ತಿತೆಂದು ಬೈಯುತ್ತಾರೆ. ನನ್ನ ಪ್ರಕಾರ ಆರೋಪಿ ಟ್ರ್ಯಾಕ್ಟರು. ಅದು ನೇಗಿಲನ್ನು ಮೂಲೆಗೆ ತಳ್ಳಿತು, ನೇಗಿಲಿನ ಬೆನ್ನ ಮೇಲೆ ಕೂತಿದ್ದ ಗಿಳಿ ತಾನಾಗಿ ಹಾರಿಹೋಯಿತು. ಎತ್ತಿನ ಗಾಡಿ ಇಲ್ಲವೇ ಎಂದರೆ, ಇದೆ, ಓಟದ ಶರ್ಯತ್ತಿಗೆ. ಶರ್ಯತ್ತಿನ ಗಾಡಿಯ ಒಂದೇ ಗುಣ ಹಗುರಾಗಿರುವುದು. ಅಲ್ಲಿ ನಕ್ಷಿಗೆ ಕೆಲಸವೇನು?

ಕಬ್ಬನ್ನೂ ಸ್ವಲ್ಪ ಬೈದುಬಿಡುತ್ತೇನೆ. ನಿಪ್ಪಾಣಿಯ ತಂಬಾಕಿನ ರೊಕ್ಕಕ್ಕೆ ಬಾಗಿಲು, ಕಂಬ, ಬೋದಿಗೆಯ ಚಟ ಇತ್ತು. ಉಗಾರದ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಆಮೇಲೆ ಕೃಷ್ಣೆಯ ದಂಡೆಯುದ್ದಕ್ಕೂ ಹುಟ್ಟಿದ ಕಬ್ಬಿನ ರೊಕ್ಕ ಗ್ರಾನೈಟಿನ ಮೇಲೆ ಮನಸ್ಸಿಟ್ಟಿತು. ಅರ್ಥಶಾಸ್ತ್ರದವರು ನಗಲಿ, ನನಗೆ ಕಂಡದ್ದು ಹೀಗೆ. ಅದೇ ಕೃಷ್ಣೆ 2019ರ ಆಗಸ್ಟಿನಲ್ಲಿ ಮನೆಯೊಳಗೆ ಬಂದಳಲ್ಲ, ಆಗ ಹೊಸ ಪ್ಲೈವುಡ್ ಕದಗಳು ಉಬ್ಬಿ ಪದರು ಬಿಚ್ಚಿದವು. ಹಳೇ ಸಾಗವಾನಿ ಬಾಗಿಲು ನೀರು ಕುಡಿದು, ಬಿಸಿಲು ಕಂಡು, ಕಿರ್ರೆಂದು ಮತ್ತೆ ಮುಚ್ಚಿಕೊಂಡಿತು. ಅಂಥ ಬಾಗಿಲಿಗೆ ಈಗ ಗಿರಾಕಿ ಇದ್ದಾರೆ, ಮನೆಗೆ ಅಲ್ಲ, ರೆಸಾರ್ಟಿನ ಗೋಡೆಗೆ ಒರಗಿಸಿಡಲು.

ಕಸುಬು ಬದಲಿಸಿ ಬದುಕಿದವರೂ ಇದ್ದಾರೆ. ಕಾಗವಾಡದ ಗಡಿ ದಾಟಿದರೆ ಮಿರಜ. ಅಲ್ಲಿ ಆಯುಧಗಳ ಕೆಲಸದ ಶಿಕಲಗಾರರು ಕತ್ತಿಗೆ ಬೇಡಿಕೆ ತಗ್ಗಿದಾಗ, 19ನೆಯ ಶತಮಾನದಲ್ಲಿ, ತಂಬೂರಿ, ಸಿತಾರಿನತ್ತ ಹೊರಳಿದರು. 2024ರಲ್ಲಿ ಅವಕ್ಕೂ ಜಿಐ ಸಿಕ್ಕಿತು. ನಮ್ಮ ನಕ್ಷಿಯವರಿಗೆ ಸಿಕ್ಕಿದ್ದು ಅರ್ಜಿ ನಮೂನೆ. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ ಇದ್ದಾನೆ, ದೋಣಿ ಕಟ್ಟುವವನಿದ್ದಾನೆ, ಬೀಗ ಮಾಡುವವನೂ ಇದ್ದಾನೆ; ಕಟ್ಟಿಗೆಯಲ್ಲಿ ನಕ್ಷಿ ತೆಗೆಯುವವನಿಗೆ ಬೇರೆ ಸಾಲಿಲ್ಲ, ಬಡಗಿ ಎಂದೇ ಬರೆಸಬೇಕು. ಸಲಕರಣೆಗೆ ಕೊಡುವ 15,000 ರೂಪಾಯಿಯನ್ನು ನಾನು ಹಗುರ ಮಾಡುವುದಿಲ್ಲ. ಒಳ್ಳೇ ಉಳಿಗಳ ಸೆಟ್ಟಿಗೆ ಅದು ಧಾರಾಳ. ಕಂಪ್ಯೂಟರ್ ಕೆತ್ತನೆಯ ಯಂತ್ರಕ್ಕೆ ಏನೇನೂ ಸಾಲದು.

ಯಂತ್ರ ಅಂದೆನಲ್ಲ, ಅದರದೂ ಒಂದು ಊನ ಇದೆ. ಅದರ ಅಲಗು ತಿರುಗುವುದು ದುಂಡಗೆ. ಹಾಗಾಗಿ ಒಳಮೂಲೆಗಳು ಚೂಪಾಗಿ ಬರುವುದಿಲ್ಲ. ಗಿಳಿಯ ಕೊಕ್ಕು ಮೊಂಡಾಗಿ ಪಾರಿವಾಳದಂತೆ ಕಾಣುತ್ತದೆ. ಚಿಕ್ಕೋಡಿ ಕಡೆಯ ಒಂದು ಅಂಗಡಿಯಲ್ಲಿ ಮಗ ಯಂತ್ರ ನಡೆಸುತ್ತಿದ್ದ. ಕೆಳಗೆ ಗೋಣಿಚೀಲದ ಮೇಲೆ ಕೂತ ಅಪ್ಪ, ಇಳಿದ ಹಲಗೆಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಸಣ್ಣ ಉಳಿಯಿಂದ ಕೊಕ್ಕು ತಿದ್ದುತ್ತಿದ್ದರು.

“ಕೊಕ್ಕಿಗೆ ಏನ್ ರೇಟು ಕಾಕಾ?” ಎಂದೆ.

“ಗಿಳಿದು ರೊಕ್ಕಾ ಮಗಾ ತಗೋತಾನ್ರೀ,” ಎಂದರು, ತಲೆ ಎತ್ತಲಿಲ್ಲ. “ಕೊಕ್ಕ ಪುಕ್ಕಟ.”