ಬೀದರಿನ ಗುಮ್ಮಟಗಳ ಮುಂದೆ ಕ್ಯಾಮರಾ ಹಿಡಿದು ನಿಂತಾಗ

ಈದ್ ಮುಗಿದ ಮರುವಾರ ಅಥವಾ ಮಕ್ಕಳ ರಜೆಯ ದಿನಗಳಲ್ಲಿ ಕುಟುಂಬ ಸಮೇತ ಬೀದರಿಗೆ ಹೋಗಿ ಬರುವುದು ಕಲ್ಯಾಣ ಕರ್ನಾಟಕದ ನಮ್ಮಂಥವರಿಗೆ ವಾಡಿಕೆ. ಅಂದು ರಾತ್ರಿಯೇ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ರಾಶಿ ರಾಶಿ ಚಿತ್ರಗಳು ಬಂದು ಬೀಳುತ್ತವೆ. ಎಲ್ಲ ಚಿತ್ರಗಳಲ್ಲೂ ನಮ್ಮದೇ ಮುಖಗಳು. ಮುಖಗಳ ಹಿಂದೆ ಒಂದು ಕಮಾನು, ಒಂದು ಗುಮ್ಮಟ, ಒಂಟಿಯಾಗಿ ನಿಂತ ಒಂದು ಮಿನಾರ. ಆ ಗುಮ್ಮಟದ ಕೆಳಗೆ ಮಲಗಿರುವವರು ಯಾರು, ಆ ಮಿನಾರಿನ ಜೋಡಿ ಎಲ್ಲಿ ಹೋಯಿತು ಎಂದು ಕೇಳಿದರೆ ಚಿತ್ರ ತೆಗೆದವರಿಗೂ ತಿಳಿಯದು, ಚಿತ್ರದಲ್ಲಿ ನಿಂತವರಿಗೂ ತಿಳಿಯದು.

ಭೂಮಿಯಲ್ಲಿ ಸಂಚರಿಸಿ, ಮುಂಚಿನವರ ಪರಿಣಾಮ ಏನಾಯಿತೆಂದು ನೋಡಿರಿ ಎಂಬ ಆಹ್ವಾನವು ಪವಿತ್ರ ಕುರ್‌ಆನಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಸಂಚಾರಕ್ಕೂ ನೋಟಕ್ಕೂ ಅಲ್ಲಿ ಬಿಡದ ನಂಟು. ನಾವು ಸಂಚಾರವನ್ನು ಉಳಿಸಿಕೊಂಡು ನೋಟದ ಕೆಲಸವನ್ನು ಮೊಬೈಲಿಗೆ ವಹಿಸಿಬಿಟ್ಟಿದ್ದೇವೆ. ಇದಕ್ಕಾಗಿ ಕ್ಯಾಮರಾವನ್ನು ದೂರಬೇಕಿಲ್ಲ. ಚಿತ್ರಗಳ ವಿಷಯದಲ್ಲಿ ನಮ್ಮ ವಿದ್ವಾಂಸರ ನಡುವೆ ಇರುವ ಭಿನ್ನಾಭಿಪ್ರಾಯವು ಜೀವಿಗಳ ಚಿತ್ರಕ್ಕೆ ಸಂಬಂಧಿಸಿದ್ದು. ಚಿತ್ರ ರಚನೆಯನ್ನೇ ಜೀವನೋಪಾಯ ಮಾಡಿಕೊಂಡಿದ್ದ ಒಬ್ಬ ವ್ಯಕ್ತಿಗೆ ಇಬ್ನು ಅಬ್ಬಾಸ್(ರ)ರವರು ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಚಿತ್ರಿಸುವ ದಾರಿ ತೋರಿಸಿದ್ದು ಬುಖಾರಿಯಲ್ಲಿ ವರದಿಯಾಗಿದೆ. ಕಲ್ಲು, ಕಮಾನು, ಆಕಾಶಗಳ ಚಿತ್ರದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ವಿಚಿತ್ರವೆಂದರೆ ಚರ್ಚೆಗೆ ಎಡೆಯಿಲ್ಲದ ಚಿತ್ರಗಳೇ ನಮ್ಮ ಮೊಬೈಲುಗಳಲ್ಲಿ ಕಡಿಮೆ!

ಬೀದರಿನಲ್ಲಿ ಬೆಳಗಿನ ಬೆಳಕನ್ನು ಮಹ್ಮೂದ್ ಗವಾನ್ ಮದ್ರಸಕ್ಕೆ ಮೀಸಲಿಡಬೇಕು. ಅದರ ಮುಖ ಪೂರ್ವಕ್ಕಿದೆ. ಸೂರ್ಯ ಏರುತ್ತಿದ್ದಂತೆ ಉಳಿದಿರುವ ಒಂದೇ ಮಿನಾರಿನ ಮೇಲಿನ ಅಂಕುಡೊಂಕು ಪಟ್ಟಿಗಳ ಬಣ್ಣದ ಹಂಚುಗಳು ಹೊಳೆಯತೊಡಗುತ್ತವೆ. ನೀಲಿ, ಹಸಿರು, ಹಳದಿ, ಬಿಳಿ. ನಮ್ಮೊಂದಿಗೆ ಬಂದಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಚಾಚಾ, ಇಷ್ಟು ವರ್ಷ ಬಿಸಿಲು ಮಳೆ ಬಿದ್ದರೂ ಈ ಬಣ್ಣ ಯಾಕೆ ಹೋಗಿಲ್ಲ?" ಎಂದು ಕೇಳಿದಳು. ಅದು ಮೇಲೆ ಬಳಿದ ಬಣ್ಣವಲ್ಲ, ಗೂಡಿನಲ್ಲಿ ಸುಟ್ಟು ಹಂಚಿನ ಮೈಗೆ ಬೆಸೆದ ಗಾಜಿನ ಲೇಪ ಎಂದು ಹೇಳಿದಾಗ ಅವಳು ಮೊಬೈಲನ್ನು ತನ್ನ ಮುಖದಿಂದ ತಿರುಗಿಸಿ ಗೋಡೆಗೆ ಹಿಡಿದಳು. ಒಂದು ಪ್ರಶ್ನೆ ಸಾಕಾಗುತ್ತದೆ, ಉತ್ತರ ಹೇಳುವವರು ಜೊತೆಗಿದ್ದರೆ.

ಈ ಮದ್ರಸವನ್ನು ಕಟ್ಟಿಸಿದ ಖ್ವಾಜಾ ಮಹ್ಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದವರು. 1453ರ ಸುಮಾರಿಗೆ ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದರು. ಬಹಮನಿ ದರ್ಬಾರಿನಲ್ಲಿ ಹಂತ ಹಂತವಾಗಿ ಏರಿ ಮಂತ್ರಿಗಳಾದರು. ಮೂರು ಅಂತಸ್ತಿನ ಈ ವಿದ್ಯಾಲಯದಲ್ಲಿ ಪಾಠದ ಹಜಾರಗಳು, ಮಸೀದಿ, ಗ್ರಂಥಾಲಯ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೊಠಡಿಗಳಿದ್ದವು. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಹೆರಾತಿನ ಮಹಾಕವಿ ಜಾಮಿಯವರನ್ನು ಬೀದರಿಗೆ ಬರುವಂತೆ ಗವಾನ್ ಪತ್ರ ಬರೆದು ಆಹ್ವಾನಿಸಿದ್ದರು. ಅವರು ಬರಲಿಲ್ಲ, ಪತ್ರ ವ್ಯವಹಾರ ಮಾತ್ರ ಉಳಿಯಿತು.

ಮದ್ರಸ ಕಟ್ಟಿದ ವರ್ಷವನ್ನು ಆ ಕಾಲದವರು ಹೇಗೆ ನೆನಪಿಟ್ಟರೆಂಬುದನ್ನು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳಬಹುದು. ಕಾಬಾದ ಗೋಡೆಗಳನ್ನು ಎತ್ತುತ್ತಿದ್ದಾಗ ಇಬ್ರಾಹೀಮ್(ಅ) ಮತ್ತು ಇಸ್ಮಾಈಲ್(ಅ) ತಮ್ಮ ದುಡಿಮೆಯನ್ನು ಸ್ವೀಕರಿಸುವಂತೆ ಅಲ್ಲಾಹನಲ್ಲಿ ಬೇಡಿಕೊಂಡ ಪ್ರಾರ್ಥನೆ ನಮಗೆಲ್ಲರಿಗೂ ಬಾಯಿಪಾಠ. ಅಬ್ಜದ್ ಲೆಕ್ಕದಲ್ಲಿ ಪ್ರತಿ ಅರಬಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಆ ಪ್ರಾರ್ಥನೆಯ ಮೊದಲ ಮೂರು ಪದಗಳ ಬೆಲೆ ಕ್ರಮವಾಗಿ 253, 532 ಮತ್ತು 91. ಕೂಡಿದರೆ 876. ಅದೇ ಹಿಜರಿ 876, ಅಂದರೆ ಕ್ರಿ.ಶ. 1471-72. ತನ್ನ ಕಟ್ಟಡದ ವರ್ಷವನ್ನೇ ಕಾಬಾ ಕಟ್ಟಿದವರ ವಿನಯದಲ್ಲಿ ಅಡಗಿಸಿದ ಈ ಲೆಕ್ಕವನ್ನು ನಾವು ಕಾಗದದ ಮೇಲೆ ಮಾಡಿ ನೋಡಿದೆವು, ಮಕ್ಕಳು ಮೊಬೈಲಿನಲ್ಲಿ ಕೂಡಿದರು. ಎರಡೂ ಒಂದೇ ಬಂತು.

17ನೇ ಶತಮಾನದ ಕೊನೆಯಲ್ಲಿ, ಔರಂಗಜೇಬನ ಕಾಲಕ್ಕೆ, ಇಲ್ಲಿ ಸೈನಿಕರು ವಾಸವಾಗಿದ್ದರು, ಮದ್ದುಗುಂಡು ಇಡಲಾಗಿತ್ತು. ಅದು ಸಿಡಿದು ಮುಂಭಾಗದ ಅರ್ಧ ಮತ್ತು ಒಂದು ಮಿನಾರ ಉರುಳಿದವು. ಪುಸ್ತಕವಿದ್ದ ಕಡೆ ಮದ್ದುಗುಂಡು ಬಂದದ್ದನ್ನು ನಮ್ಮವರೇ ಮಾಡಿದರು ಎಂಬುದನ್ನೂ ಮಕ್ಕಳಿಂದ ಮುಚ್ಚಿಡಬಾರದು.

ಕೋಟೆಗೆ ಅರ್ಧ ದಿನ ಸಾಲದು. ದಕ್ಷಿಣದ ಕಡೆ ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ, ಹುಲಿಗಳನ್ನು ಕೆತ್ತಿದ ಶರ್ಝಾ ದರ್ವಾಜ, ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲ್ ಇವುಗಳ ಚಿತ್ರ ಎಲ್ಲರ ಬಳಿಯೂ ಇರುತ್ತದೆ. ಸೋಲಾ ಖಂಬಾ ಮಸೀದಿಯಲ್ಲಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿರುವುದು ಒಳ್ಳೆಯದು. 1423-24ರಲ್ಲಿ ಕಟ್ಟಿದ ಅದು ಬೀದರಿನ ಅತ್ಯಂತ ಹಳೆಯ ಮುಸ್ಲಿಮ್ ಕಟ್ಟಡಗಳಲ್ಲಿ ಒಂದು. ದುಂಡನೆಯ ದಪ್ಪ ಕಂಬಗಳ ಸಾಲುಗಳು ಒಂದರ ಹಿಂದೊಂದು ಕತ್ತಲೆಗೆ ಸರಿಯುವುದನ್ನು ಕ್ಯಾಮರಾ ಪ್ರೀತಿಸುತ್ತದೆ. ಆದರೆ ಆ ಸಾಲುಗಳು ಸಫ್‌ಗಳಿಗಾಗಿ ಹಾಕಿದವು. ಮಿಹ್ರಾಬಿಗೆ ಬೆನ್ನು ಹಾಕಿ ಕುಣಿದು ರೀಲ್ ಮಾಡುವವರನ್ನು ನಾವು ಅಲ್ಲಿ ಕಂಡಿದ್ದೇವೆ, ಅವರಲ್ಲಿ ನಮ್ಮ ಹೆಸರಿನವರೂ ಇದ್ದರು.

ಊರಿನ ಪೂರ್ವಕ್ಕೆ ಅಷ್ಟೂರಿನ ದಾರಿ ಹಿಡಿದರೆ ಮೊದಲು ಸಿಗುವುದು ದಿಣ್ಣೆಯ ಮೇಲಿನ ಚೌಖಂಡಿ. ಕಿರ್ಮಾನಿನ ಸೂಫಿ ಶಾಹ್ ನಿಅಮತುಲ್ಲಾಹ್‌ರವರ ಮಗ ಹಝ್ರತ್ ಖಲೀಲುಲ್ಲಾಹ್ ಅಲ್ಲಿ ಮಲಗಿದ್ದಾರೆ. ಎಂಟು ಮೂಲೆಯ ಆ ಕಟ್ಟಡಕ್ಕೆ ಮೇಲ್ಛಾವಣಿಯಿಲ್ಲ. ಬಾಗಿಲ ಮೇಲಿನ ಕರಿಕಲ್ಲಿನಲ್ಲಿ ಶೀರಾಝಿನ ಲಿಪಿಕಾರ ಮುಗೀಸ್ ಕೆತ್ತಿದ ಅಕ್ಷರಗಳನ್ನು ನೋಡಲು ಓರೆ ಬಿಸಿಲು ಬೇಕು. ನಡು ಹಗಲಿನಲ್ಲಿ ಅವು ಕಲ್ಲಿನೊಳಗೆ ಅಡಗಿಬಿಡುತ್ತವೆ, ಅಸ್ರ್ ಹೊತ್ತಿಗೆ ನೆರಳು ಬಿದ್ದು ಒಂದೊಂದೇ ಎದ್ದು ಬರುತ್ತವೆ. ಚಿತ್ರ ತೆಗೆಯುವವರಿಗೆ ಬೀದರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ನಮ್ಮ ಅಭಿಪ್ರಾಯ.

ಅಲ್ಲಿಂದ ಮುಂದೆ ಅಷ್ಟೂರಿನ ಬಯಲಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಕ್ಯಾಮರಾಕ್ಕೆ ಇದು ಒಂದೇ ಸಾಲು, ಗಮನವಿಟ್ಟು ನೋಡಿದರೆ ಒಂದು ವಂಶದ ಏರಿಳಿತ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಶಾಹ್ ವಲಿಯ ಗುಮ್ಮಟ ಭಾರಿಯಾದುದು. ಕೊನೆಯ ಸುಲ್ತಾನರು ಹೆಸರಿಗಷ್ಟೇ ಸುಲ್ತಾನರು, ಅಧಿಕಾರವೆಲ್ಲ ಬರೀದ್ ಮನೆತನದ ಕೈಯಲ್ಲಿತ್ತು; ಅವರ ಗೋರಿಯ ಕಟ್ಟಡಗಳು ಪುಟ್ಟ ಕೋಣೆಗಳಷ್ಟೇ. ಈ ಕುಗ್ಗುವಿಕೆಯನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು.

ಅಹ್ಮದ್ ಶಾಹ್ 1436ರಲ್ಲಿ ತೀರಿಕೊಂಡರು. ಅವರ ಗುಮ್ಮಟದ ಒಳಗೋಡೆಗಳಲ್ಲಿ ಕೆಂಪು, ನೀಲಿ, ಬಂಗಾರದ ಬಣ್ಣದ ಅಲಂಕಾರ, ಶಾಹ್ ನಿಅಮತುಲ್ಲಾಹ್‌ರವರ ಫಾರ್ಸಿ ದ್ವಿಪದಿಗಳು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ದಯವಿಟ್ಟು ಫ್ಲ್ಯಾಶ್ ಬೆಳಗಬೇಡಿ. ಲಿಂಗಾಯತ ಭಕ್ತರು ಈ ಸುಲ್ತಾನರನ್ನು ಅಲ್ಲಮಪ್ರಭುವಿನ ಸ್ವರೂಪವೆಂದು ಗೌರವಿಸುತ್ತಾರೆ. ಹೋಳಿಯ ನಂತರದ ದಿನಗಳಲ್ಲಿ ನಡೆಯುವ ಉರೂಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಗೋರಿಯ ಬಳಿ ಏನನ್ನು ಬೇಡಬೇಕು, ಏನನ್ನು ಬೇಡಬಾರದು ಎಂಬ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟವಿದೆ, ಬೇಡಿಕೆ ಅಲ್ಲಾಹನಲ್ಲಿ ಮಾತ್ರ. ಆದರೂ ಆರು ಶತಮಾನಗಳಿಂದ ಎರಡು ಸಮುದಾಯಗಳು ಒಂದೇ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ಬಂದಿರುವ ಊರು ಇದು ಎಂಬುದನ್ನು ಇಂದಿನ ಮಕ್ಕಳು ಕಣ್ಣಾರೆ ನೋಡಬೇಕು.

ಅಷ್ಟೂರಿನಲ್ಲಿ ಅತಿ ಹೆಚ್ಚು ಚಿತ್ರಕ್ಕೆ ಸಿಗುವುದು ಹುಮಾಯೂನ್ ಶಾಹನ ಒಡೆದ ಗುಮ್ಮಟ. ಸಿಡಿಲು ಬಡಿದು ಗುಮ್ಮಟದ ಒಂದು ಭಾಗ ಕುಸಿದಿದೆ. ಉಳಿದ ಭಾಗ ಸೀಳಿದ ತೆಂಗಿನ ಚಿಪ್ಪಿನಂತೆ ನಿಂತು, ಗೋಡೆ ಎಷ್ಟು ದಪ್ಪ, ಗುಮ್ಮಟವನ್ನು ಹೇಗೆ ಕಟ್ಟಿದರು ಎಂಬುದನ್ನೆಲ್ಲ ತೆರೆದು ತೋರಿಸುತ್ತದೆ. 1458ರಿಂದ 1461ರವರೆಗೆ ಆಳಿದ ಈತನಿಗೆ ಇತಿಹಾಸದಲ್ಲಿ 'ಝಾಲಿಮ್' ಎಂಬ ಹೆಸರಂಟಿದೆ. ಮಾರ್ಗದರ್ಶಿಗಳು ತಕ್ಷಣ ಎರಡನ್ನೂ ಹೊಲಿದುಬಿಡುತ್ತಾರೆ: ಜುಲುಮ್ ಮಾಡಿದ, ಸಿಡಿಲು ಬಿತ್ತು. ಕೇಳಲು ಚೆನ್ನಾಗಿದೆ. ಆದರೆ ಆತನ ಕ್ರೌರ್ಯದ ಕಥೆಗಳನ್ನು ವಿವರವಾಗಿ ಬರೆದ ಫಿರಿಶ್ತಾ ಒಂದು ಶತಮಾನಕ್ಕೂ ಹೆಚ್ಚು ತಡವಾಗಿ ಬಂದವರು; ಗವಾನರ ಪತ್ರಗಳ ಆಧಾರದಲ್ಲಿ ಆ ಕಥೆಗಳನ್ನು ಅನುಮಾನಿಸಿದವರು ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ. ಸಿಡಿಲು ಒಳ್ಳೆಯವರ ಮಸೀದಿಯ ಮೇಲೂ ಬೀಳುತ್ತದೆ. ಅಲ್ಲಾಹನ ತೀರ್ಪನ್ನು ನಾವು ಮುಂದಾಗಿ ಬರೆಯುವುದು ಬೇಡ. ಗುಮ್ಮಟ ಎಷ್ಟು ದಪ್ಪವಿದ್ದರೂ ಒಳಗಿರುವವನು ಮಣ್ಣೇ ಎಂಬಷ್ಟು ಆ ಬಿರುಕಿನಿಂದ ಕಾಣುತ್ತದೆ, ಅಷ್ಟು ಸಾಕು.

ಗೋರಿಗಳ ನಡುವೆ ಹೇಗಿರಬೇಕೆಂಬುದಕ್ಕೆ ನಮಗೆ ಹೊಸ ನಿಯಮಗಳು ಬೇಕಿಲ್ಲ. ಪ್ರವಾದಿ(ಸ)ರವರು ಗೋರಿಗಳ ಸಂದರ್ಶನವನ್ನು ಮೊದಲು ತಡೆದು ಆಮೇಲೆ ಅನುಮತಿಸಿದ್ದು, ಅದು ಪರಲೋಕವನ್ನು ನೆನಪಿಸುತ್ತದೆ ಎಂಬ ಕಾರಣಕ್ಕೆ. ಗೋರಿಯ ಮೇಲೆ ಕುಳಿತುಕೊಳ್ಳುವುದನ್ನೂ ಗೋರಿಯ ಮೇಲೆ ಕಟ್ಟಡ ಕಟ್ಟುವುದನ್ನೂ ಅವರು ನಿಷೇಧಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಎರಡನೆಯದನ್ನು ಸುಲ್ತಾನರು ಪಾಲಿಸಲಿಲ್ಲ, ಅವರ ಲೆಕ್ಕ ಅವರದು. ಮೊದಲನೆಯದು ನಮ್ಮ ಪಾಲಿಗಿದೆ. ಮದುವೆಗೆ ಮುಂಚಿನ ಫೋಟೋಗಾಗಿ ವಧು ವರರನ್ನು ಗೋರಿಯ ಕಟ್ಟೆಯ ಮೇಲೆ ಕುಳ್ಳಿರಿಸುವ ಛಾಯಾಗ್ರಾಹಕರಿಗೆ ಬೇಡವೆನ್ನಬೇಕಾದವರು ಜೊತೆಗಿರುವ ಹಿರಿಯರೇ. ನಿಕಾಹ್ ಇನ್ನೂ ಆಗದವರನ್ನು ಕೈಹಿಡಿಸಿ ನಿಲ್ಲಿಸುವ ಮಾತು ಬೇರೆಯೇ ಇದೆ. ಗೋಡೆಯ ಮೇಲೆ ಹೆಸರು ಗೀಚುವುದಂತೂ 1958ರ ಸ್ಮಾರಕ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಒಳಗೆ ಹೋಗುವಾಗ ಮೊದಲು ಸಲಾಮ್, ಆಮೇಲೆ ಮಗ್ಫಿರತ್‌ನ ದುಆ, ಆಮೇಲೆ ಕ್ಯಾಮರಾ.

ಕ್ಯಾಮರಾದಿಂದ ಒಳ್ಳೆಯ ಕೆಲಸವೂ ಆಗುತ್ತದೆ. ನಿಝಾಮರ ಕಾಲದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಝ್ದಾನಿಯವರು ಬೀದರಿನ ಸ್ಮಾರಕಗಳ ಕುರಿತು 1947ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಛಾಯಾಚಿತ್ರಗಳ ಫಲಕಗಳಿವೆ. ಹಂಚು ಬಿದ್ದುಹೋದ ಮೇಲೆ ಅಲ್ಲಿ ಹಿಂದೆ ಏನಿತ್ತೆಂದು ಹೇಳುವುದು ಇಂಥ ಚಿತ್ರಗಳೇ. ನಮ್ಮ ಕುಟುಂಬದ ಹುಡುಗರಿಗೆ ನಾವು ಒಂದು ಕೆಲಸ ಹಚ್ಚಿದ್ದೇವೆ. ಮದ್ರಸದ ಮಿನಾರಿನ ಒಂದು ಮೂಲೆಯನ್ನು ಆರಿಸಿಕೊಂಡು, ಹೋದಾಗಲೆಲ್ಲ ಅದೇ ಜಾಗದಲ್ಲಿ ನಿಂತು ಅದೇ ಚಿತ್ರ ತೆಗೆದು ತಾರೀಖು ಬರೆದಿಡುವುದು. ಅವರು ಗೊಣಗುತ್ತಲೇ ಮಾಡುತ್ತಾರೆ.

ನೌಬಾದಿನ ಸುರಂಗ ಬಾವಿಯನ್ನು ನೋಡದೆ ಮರಳಬೇಡಿ. ನೆಲದಡಿಯ ಕಾಲುವೆಯಲ್ಲಿ ಇಳಿಜಾರಿನಿಂದಲೇ ನೀರು ಹರಿಸುವ ಈ ಕರೇಝ್ ಇರಾನಿನ ವಿದ್ಯೆ. ಮೇಲೆ ನಿಂತರೆ ಹೊಲಗಳ ನಡುವೆ ಸಾಲಾಗಿ ಬಾವಿಯಂಥ ಕಂಡಿಗಳು ಮಾತ್ರ. ಚಿತ್ರಕ್ಕೆ ಚಂದವಲ್ಲ, ಆದರೆ ಸುಲ್ತಾನರು ಬಿಟ್ಟು ಹೋದದ್ದರಲ್ಲಿ ಜನರ ಬಾಯಾರಿಕೆ ತಣಿಸಿದ್ದು ಇದೇ.

ಚಿತ್ರಕ್ಕೆ ಇನ್ನೂ ಕಡಿಮೆ ಚಂದದ ಜಾಗ ಗೋರನಳ್ಳಿಯಲ್ಲಿದೆ. ಮಹ್ಮೂದ್ ಗವಾನರ ಗೋರಿ. ಗುಮ್ಮಟವಿಲ್ಲ, ಬಣ್ಣದ ಹಂಚಿಲ್ಲ. ತೆರೆದ ಆಕಾಶದ ಕೆಳಗೆ ಒಂದು ಕಟ್ಟೆ. ಅವರ ಏಳಿಗೆಯನ್ನು ಸಹಿಸದ ದರ್ಬಾರಿಗಳು ಅವರ ಮುದ್ರೆ ಕಾಯುವ ಗುಲಾಮನನ್ನು ಮರುಳು ಮಾಡಿ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು; ಒಡಿಶಾದ ಅರಸನಿಗೆ ಬರೆದ ದ್ರೋಹದ ಪತ್ರವೆಂದು ಅದನ್ನು ಸುಲ್ತಾನ್ ಮುಹಮ್ಮದ್ ಶಾಹನ ಮುಂದಿಟ್ಟರು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದರು ಗವಾನ್. ವಿಚಾರಣೆ ನಡೆಯಲಿಲ್ಲ. ಎಪ್ಪತ್ತು ದಾಟಿದ್ದ ಅವರನ್ನು 1481ರ ಏಪ್ರಿಲ್ 5ರಂದು ಕೊಂದರು. ಆಮೇಲೆ ಸುಲ್ತಾನ ಅವರ ಸಂಪತ್ತು ಎಷ್ಟಿದೆಯೆಂದು ಖಜಾಂಚಿಯನ್ನು ಕೇಳಿದ. ರಾಜ್ಯದಿಂದ ಬಂದದ್ದು ಸೈನಿಕರಿಗೂ ಬಡವರಿಗೂ ಹೋಗುತ್ತಿತ್ತು, ತಮ್ಮ ಹೊಟ್ಟೆಗೆ ಅವರು ಸ್ವಂತ ವ್ಯಾಪಾರದ ಲಾಭವನ್ನಷ್ಟೇ ಬಳಸುತ್ತಿದ್ದರು, ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದರು ಎಂದು ಉತ್ತರ ಬಂತೆಂದು ಫಿರಿಶ್ತಾ ಬರೆಯುತ್ತಾರೆ. ಮರುವರ್ಷವೇ ಸುಲ್ತಾನನೂ ತೀರಿಕೊಂಡ. ಅಷ್ಟೂರಿನಲ್ಲಿ ಆತನ ಗೋರಿಯ ಕಟ್ಟಡ ಪೂರ್ಣಗೊಳ್ಳಲೇ ಇಲ್ಲ.

ನಾವು ಹೋದ ದಿನ ಗೋರನಳ್ಳಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಕ್ಕಳು ಸಲಾಮ್ ಹೇಳಿದರು, ಫಾತಿಹಾ ಓದಿದರು. ಒಬ್ಬ ಹುಡುಗ ಮೊಬೈಲ್ ತೆಗೆದು, ಎಲ್ಲಿಂದ ಹಿಡಿದರೂ ಕಟ್ಟೆ ಮತ್ತು ಆಕಾಶ ಮಾತ್ರ ಬರುತ್ತದೆಂದು ದೂರಿದ. ಅದನ್ನೇ ತೆಗೆಯಲು ಹೇಳಿದೆವು. ಹೋಗುವವರು ಊರಿನಲ್ಲಿ ಅಸ್ರ್ ಮುಗಿಸಿ ಹೊರಟರೆ ಮಗ್ರಿಬ್‌ಗೆ ಮುನ್ನ ನೆಮ್ಮದಿಯಾಗಿ ನೋಡಿ ಮರಳಬಹುದು; ದಾರಿ ಗೊತ್ತಾಗದಿದ್ದರೆ ಹಳ್ಳಿಯಲ್ಲಿ ಕೇಳಿದರೆ ತೋರಿಸುತ್ತಾರೆ.