ಮೂರು ಏಳು

ಕಳೆದ ತಿಂಗಳು ಒಂದು ಗುರುವಾರ ರಾತ್ರಿ ಹತ್ತೂವರೆಗೆ ನಮ್ಮ ತಂಡದ ಹುಡುಗಿಯಿಂದ ಮೆಸೇಜ್ ಬಂತು: ‘ಸರ್, 777 ಕೊಟ್ಟೆ. ಅಪ್‌ಲೋಡ್ ಆಗ್ತಿದೆ.’ ಕೊನೆಗೊಂದು ನಗುಮುಖ. ಊಟಕ್ಕೆ ಕೂತಿದ್ದವನು ಎದ್ದು ಲ್ಯಾಪ್‌ಟಾಪ್ ತೆಗೆದೆ. ‘ಆಗ್ತಿದೆ ಅಂತನ ಬಂದದಲ್ಲ, ಮತ್ಯಾಕ ಏಳ್ತೀರಿ?’ ಎಂದಳು ಹೆಂಡತಿ. ಆಗ್ತಿದೆ ಎಂದು ಬಂದದ್ದಕ್ಕೇ ಎದ್ದೆ.

ಹುಡುಗಿ ಹಾವೇರಿ ಕಡೆಯವಳು, ಪುಣೆಗೆ ಬಂದು ಎರಡು ವರ್ಷ. ಮೀಟಿಂಗಿನಲ್ಲಿ ಇಂಗ್ಲಿಷು, ಕ್ಯಾಂಟೀನಿನಲ್ಲಿ ಹಿಂದಿ. ಸರ್ವರ್ ಬಿದ್ದಾಗ ಮಾತ್ರ ನಾವಿಬ್ಬರೂ ಕನ್ನಡಕ್ಕೆ ಇಳಿಯುತ್ತೇವೆ. ಅವತ್ತು ಸಂಜೆಯಿಂದಲೇ ಅವಳ ದೂರು ಒಂದೇ: ‘ಸರ್, ನಾ ಟರ್ಮಿನಲ್‌ನ್ಯಾಗ ಓಡಿಸಿದ್ರ ಸ್ಕ್ರಿಪ್ಟ್ ಓಡ್ತದ. ಬ್ರೌಸರ್‌ನ್ಯಾಗ ಪರ್ಮಿಷನ್ ಡಿನೈಡ್ ಅಂತದ.’ ನಾನು ಬೇರೊಂದು ಕಾಲ್‌ನಲ್ಲಿದ್ದೆ. ‘ಪರ್ಮಿಷನ್ ನೋಡವ್ವಾ’ ಎಂದಷ್ಟೇ ಹೇಳಿ ಬಿಟ್ಟಿದ್ದೆ. ಅವಳು ನೋಡಿದಳು.

ಲಿನಕ್ಸ್ ಮುಟ್ಟದವರಿಗಾಗಿ ಎರಡು ಮಾತು. ಪ್ರತಿ ಫೈಲಿಗೂ, ಪ್ರತಿ ಫೋಲ್ಡರಿಗೂ ಮೂರು ಅಂಕಿ. ಮೊದಲನೆಯದು ಮಾಲೀಕನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದವರಿಗೆ. ಓದಲು 4, ಬರೆಯಲು 2, ಓಡಿಸಲು 1. ಮೂರೂ ಕೂಡಿದರೆ 7. ಫೋಲ್ಡರಿನ ವಿಷಯದಲ್ಲಿ ಆ 1ಕ್ಕೆ ಬೇರೆ ಅರ್ಥ: ಅದನ್ನು ದಾಟಿ ಒಳಗೆ ಹೋಗಬಹುದು ಅಂತ. ಹದಿನೇಳು ವರ್ಷದಿಂದ ಈ ಊರಿನಲ್ಲಿ ಮೂರನೇ ಅಂಕಿಯಾಗಿ ಬದುಕಿರುವ ನನಗೆ ‘ಉಳಿದವರು’ ಅಂದರೆ ಯಾರು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. 777 ಅಂದರೆ ಉಳಿದವರಿಗೂ ಎಲ್ಲ. ಕೇಳಲಿಕ್ಕೆ ಚೆನ್ನಾಗಿಯೇ ಇದೆ.

ನಾನು ಎದ್ದದ್ದು ಯಾಕೆಂದರೆ, ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಮಾಡಿದ್ದೆ.

ಆಗ ಇಲ್ಲಿನ ಒಂದು ಕನ್ನಡ ಸಂಘದವರು ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಿದ್ದರು. ಅರ್ಜಿಯನ್ನು ಆನ್‌ಲೈನ್ ಮಾಡಿಕೊಡುತ್ತೇನೆ ಎಂದು ಮುಂದೆ ಬಂದವನು ನಾನೇ. ಎಂಟೆಕ್ ಮಾಡಿದವ, ಇಷ್ಟು ಮಾಡದಿದ್ದರೆ ಹೇಗೆ ಎಂಬ ಹಮ್ಮೂ ಇತ್ತು. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಹಾಕಬೇಕು. ಕೊನೆಯ ದಿನ ಭಾನುವಾರ. ಸಂಜೆ ಆರಕ್ಕೆ ಫೋನು ಶುರುವಾಯಿತು: ‘ಸರ್, ಫೈಲು ಹೋಗವಲ್ದು.’ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೂತಿದ್ದ ಅಪ್ಪಂದಿರು. ನಾನು ಲಾಗ್ ಓದಲಿಲ್ಲ. ಇಡೀ ಸೈಟಿನ ಮೇಲೆ ಚ್‌ಮಾಡ್ 777 ಕೊಟ್ಟೆ, ಮೇಲಿಂದ ಕೆಳಗಿನವರೆಗೆ, ಎಲ್ಲಕ್ಕೂ. ಫೈಲು ಹೋಗತೊಡಗಿದವು. ರಾತ್ರಿ ಹನ್ನೆರಡಕ್ಕೆ ನೂರಾ ಮೂವತ್ತು ಚಿಲ್ಲರೆ ಅರ್ಜಿ. ಸಂಘದ ಅಧ್ಯಕ್ಷರು ಫೋನಿನಲ್ಲೇ ಆಶೀರ್ವಾದ ಮಾಡಿದರು.

ಮೂರು ವಾರದ ಮೇಲೆ ಹೋಸ್ಟಿಂಗ್ ಕಂಪನಿಯಿಂದ ಮೇಲ್: ನಿಮ್ಮ ಸೈಟಿನಿಂದ ಸ್ಪ್ಯಾಮ್ ಹೋಗುತ್ತಿದೆ. ಅಪ್‌ಲೋಡ್ ಫೋಲ್ಡರ್ ತೆಗೆದು ನೋಡಿದರೆ ಅಂಕಪಟ್ಟಿಗಳ ನಡುವೆ ಅಡ್ಡಾದಿಡ್ಡಿ ಹೆಸರಿನ ಒಂದು ಪಿಎಚ್‌ಪಿ ಫೈಲು. ನ್ಯಾಯವಾಗಿ ಹೇಳಬೇಕೆಂದರೆ ಅವನನ್ನು ಒಳಗೆ ಬಿಟ್ಟದ್ದು ಮೂರು ಏಳಲ್ಲ. ಫಾರ್ಮಿನಲ್ಲಿ ಯಾವ ಬಗೆಯ ಫೈಲು ಬರುತ್ತಿದೆ ಎಂದು ನಾನು ನೋಡಿರಲಿಲ್ಲ, ಆ ಫೋಲ್ಡರಿನಲ್ಲಿ ಪಿಎಚ್‌ಪಿ ಓಡುವುದನ್ನು ನಿಲ್ಲಿಸಿಯೂ ಇರಲಿಲ್ಲ. ಒಳಗೆ ಬಂದವನಿಗೆ ಅಡುಗೆಮನೆ, ದೇವರಮನೆ, ತಿಜೋರಿ ಎಲ್ಲ ಬಿಟ್ಟುಕೊಟ್ಟದ್ದು ಮೂರು ಏಳು. ಸೈಟಿನ ಪ್ರತಿಯೊಂದು ಪುಟಕ್ಕೂ ಅವನು ತನ್ನ ಎರಡು ಸಾಲು ಸೇರಿಸಿ ಹೋಗಿದ್ದ.

ಸೈಟನ್ನು ಎರಡು ದಿನದಲ್ಲಿ ಸರಿ ಮಾಡಿದೆ. ಆದರೆ ಆ ಪ್ರಮಾಣಪತ್ರಗಳನ್ನು ಯಾರಾದರೂ ತೆಗೆದುಕೊಂಡರೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಮನೆಮನೆಗೂ ಫೋನ್ ಮಾಡಿ ಹೇಳೋಣ ಎಂದು ನಾನೇ ಹಟ ಹಿಡಿದೆ. ಹೆಚ್ಚಿನವರು ‘ಇರಲಿ ಬಿಡ್ರಿ’ ಅಂದರು, ಅವರಿಗೆ ಸ್ಕಾಲರ್‌ಶಿಪ್ ಬರುತ್ತದೋ ಇಲ್ಲವೋ ಎಂಬುದೇ ಚಿಂತೆ. ಗಾರೆ ಕೆಲಸದ ಮೇಸ್ತ್ರಿಯೊಬ್ಬರು, ವಿಜಯಪುರ ಜಿಲ್ಲೆಯವರು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ನಮ್ಮ ಆದಾಯ ಎಷ್ಟಂತ ಯಾರ್ಯಾರಿಗೆ ಗೊತ್ತಾತ್ರಿ, ಸಾಹೇಬ್ರ?’

ಈ ಹುಡುಗಿಯ ಸರ್ವರಿನಲ್ಲಿ ನಡೆದದ್ದು ಸ್ವಲ್ಪ ಬೇರೆ. ಕೋಡು ಇದ್ದ ಜಾಗ ಸರಿಯಾಗಿಯೇ ಇತ್ತು. ಅಪ್‌ಲೋಡ್ ಫೋಲ್ಡರನ್ನು ಮಾತ್ರ ಯಾರೋ ಹಿಂದೆ ಪ್ರಾಜೆಕ್ಟ್ ಅಕೌಂಟಿನ ಹೋಮ್ ಡೈರೆಕ್ಟರಿಯೊಳಗೆ ಇಟ್ಟಿದ್ದರು. ಹಳೆಯ ಸರ್ವರಿನಲ್ಲಿ ಅದು ವರ್ಷಗಟ್ಟಲೆ ಓಡಿತ್ತು, ಹೊಸದಕ್ಕೆ ಬಂದಾಗ ನಿಂತಿತು. ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳು 755ರ ಬದಲು 750 ಆಗಿ ಹುಟ್ಟುತ್ತವೆ. ಕೊನೆಯ ಸೊನ್ನೆ ನೋಡಿ: ಉಳಿದವರು ಹೊಸ್ತಿಲೇ ದಾಟುವಂತಿಲ್ಲ. ಅವಳು ಟರ್ಮಿನಲ್‌ನಲ್ಲಿ ಓಡಿಸಿದಾಗ ಅವಳೇ ಮಾಲೀಕಳು. ಬ್ರೌಸರಿನಿಂದ ಬಂದಾಗ ಓಡಿಸುವವನು ಅಪಾಚೆಯ ಬಳಕೆದಾರ, ಮೂರು ಡಬ್ಲ್ಯೂ-ಡೇಟಾ ಎಂಬ ಪಾಪದ ಜೀವಿ. ಮೊದಲು ಅಪ್‌ಲೋಡ್ ಫೋಲ್ಡರಿಗೆ 777 ಕೊಟ್ಟಳಂತೆ, ಆಗಲಿಲ್ಲ. ಒಳಕೋಣೆಯ ಬಾಗಿಲು ತೆಗೆದರೇನು, ತಲಬಾಗಿಲು ಹಾಕಿತ್ತಲ್ಲ. ಆಮೇಲೆ ಸಿಟ್ಟಿಗೆದ್ದು ಹೋಮ್‌ನಿಂದಲೇ ಶುರುಮಾಡಿ ಎಲ್ಲಕ್ಕೂ ಕೊಟ್ಟುಬಿಟ್ಟಳು.

ನಾನು ಲಾಗಿನ್ ಆಗಲು ಹೋದರೆ ನನಗೇ ಪರ್ಮಿಷನ್ ಡಿನೈಡ್! ಎಸ್‌ಎಸ್‌ಎಚ್ ಮಹಾ ಮಡಿವಂತ. ಹೋಮ್ ಡೈರೆಕ್ಟರಿಯಲ್ಲಿ ಬೇರೆಯವರೂ ಬರೆಯಬಹುದು ಎಂದಾದರೆ ಅಲ್ಲಿನ ಕೀಲಿಗಳನ್ನು ಅದು ನಂಬುವುದಿಲ್ಲ. ಊರಿಗೆಲ್ಲ ಬಾಗಿಲು ತೆಗೆದಿದೆ, ಮನೆಯವರು ಹೊರಗೆ. ಪುಣ್ಯಕ್ಕೆ ಅವಳ ಹಳೆಯ ಟರ್ಮಿನಲ್ ಕಿಟಕಿಯೊಂದು ತೆರೆದೇ ಇತ್ತು. ‘ಅದನ್ನ ಮಾತ್ರ ಮುಚ್ಚಬ್ಯಾಡ’ ಎಂದು ಸ್ಕ್ರೀನ್ ಷೇರ್ ಮಾಡಿಸಿದೆ.

ನೇಮ್‌ಐ ಎಂಬ ಸಣ್ಣ ಕಮಾಂಡ್ ಇದೆ. ‘ಎಲ್’ ಸೇರಿಸಿ ಫೈಲಿನ ಪೂರ್ತಿ ದಾರಿ ಕೊಟ್ಟರೆ ಬೇರಿನಿಂದ ಹಿಡಿದು ಒಂದೊಂದು ಮೆಟ್ಟಿಲಿನ ಮಾಲೀಕ, ಗುಂಪು, ಅನುಮತಿ ಸಾಲಾಗಿ ತೋರಿಸುತ್ತದೆ. ಸಂಜೆ ಇದೊಂದನ್ನು ಹೇಳಿದ್ದರೆ ಸಾಕಿತ್ತು, ಅರ್ಧ ನಿಮಿಷದ ಮಾತು. ತಪ್ಪು ನನ್ನದೂ ಹೌದು. ಸುಡೋದಿಂದ ಆ ಮೂರು ಡಬ್ಲ್ಯೂ-ಡೇಟಾನ ವೇಷ ಹಾಕಿ ಫೈಲು ತೆರೆದು ನೋಡುವುದನ್ನೂ ತೋರಿಸಿದೆ. (ರೆಡ್ ಹ್ಯಾಟ್ ಬಳಗದ ಸರ್ವರುಗಳಲ್ಲಿ ಇಷ್ಟಾದರೂ ಮುಗಿಯುವುದಿಲ್ಲ, ಅಲ್ಲಿ ಎಸ್‌ಇಲಿನಕ್ಸ್ ಎಂಬ ಇನ್ನೊಬ್ಬ ಕಾವಲುಗಾರನಿದ್ದಾನೆ. 777 ಇದ್ದರೂ ಚೀಟಿ ಸರಿಯಿಲ್ಲ ಎಂದು ತಡೆಯುತ್ತಾನೆ. ಅವನ ಕಥೆ ಇನ್ನೊಮ್ಮೆ.)

ಸರಿಮಾಡಲು ಒಂದೂವರೆ ತಾಸು ಹಿಡಿಯಿತು. ಚ್‌ಮಾಡ್‌ಗೆ ಅನ್‌ಡೂ ಇಲ್ಲ. ಮೊದಲು ಯಾವುದಕ್ಕೆ ಎಷ್ಟಿತ್ತು ಎಂದು ಅದು ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಟೆಸ್ಟ್ ಸರ್ವರನ್ನು ಪಕ್ಕದಲ್ಲಿಟ್ಟು ಒಂದೊಂದೇ ಹೋಲಿಸಿದೆವು. ಕೀಲಿಯ ಫೋಲ್ಡರು 700, ಕೀಲಿಪಟ್ಟಿ 600, ಹೋಮ್ ಮತ್ತೆ 750. ಅಪ್‌ಲೋಡ್ ಫೋಲ್ಡರನ್ನು ಹೋಮ್‌ನಿಂದ ತೆಗೆದು, ವೆಬ್ ಫೋಲ್ಡರಿನಿಂದಲೂ ಹೊರಗೆ, ಅಪಾಚೆಯ ಬಳಕೆದಾರನ ಹೆಸರಿನಲ್ಲೇ ಇಟ್ಟೆವು, 750.

ಹನ್ನೆರಡೂವರೆಗೆ ಎಲ್ಲ ಮುಗಿದ ಮೇಲೆ ಹಳೆಯ ಕಥೆ ಹೇಳಿದೆ. ಅವಳು ಕೇಳಿದಳು: ‘ಮೇಸ್ತ್ರಿಗೆ ಏನಂದ್ರಿ ಸರ್?’

‘ಗೊತ್ತಿಲ್ರಿ ಅಂದೆ. ಮತ್ತೇನನ್ನಲಿ.’

ಮರುವರ್ಷ ಅವರ ಮಗಳ ಅರ್ಜಿ ಆನ್‌ಲೈನ್ ಬರಲಿಲ್ಲ. ಒಂದು ಭಾನುವಾರ ಮೇಸ್ತ್ರಿಯೇ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದರು. ಅಂಕಪಟ್ಟಿ ಬಿಡಿಯಾಗಿಯೇ ಇತ್ತು. ಆದಾಯ ಪ್ರಮಾಣಪತ್ರವನ್ನು ಬೇರೆ ಲಕೋಟೆಯಲ್ಲಿ ಹಾಕಿ ಗೋಂದು ಹಚ್ಚಿದ್ದರು. ‘ಇದನ್ನ ನೀವೊಬ್ರ ನೋಡ್ರಿ’ ಎಂದು ನನ್ನ ಕೈಗೆ ಕೊಟ್ಟು, ಚಹಾ ಕುಡಿದು ಹೋದರು.