ಕೆಲಸದ ಮನೆಯಲ್ಲಿ ಪಡೆದ ಪದವಿ

ಮೂವತ್ತೈದು ವರ್ಷಗಳ ಕಾಲ ಪಾಠಶಾಲೆಯ ಗೋಡೆಗಳ ನಡುವೆ ಬಾಳನ್ನು ಸವೆಸಿದವರಿಗೆ, ವಿದ್ಯೆಯೆಂಬುದು ಆ ಗೋಡೆಗಳ ಹೊರಗೆ ದೊರೆಯತಕ್ಕ ವಸ್ತುವಲ್ಲವೆಂಬ ಭ್ರಾಂತಿ ಹುಟ್ಟುವುದು ಸಹಜ. ನಮಗೂ ಅದು ಹುಟ್ಟಿತ್ತು. ಬಹುಕಾಲ ಬಲಿತೂ ಇತ್ತು. ಅದನ್ನು ಬಿಡಿಸಿದವರು ಯಾವ ಪಂಡಿತರೂ ಅಲ್ಲ. ಇಪ್ಪತ್ತು ವರ್ಷದ ಒಬ್ಬ ಹುಡುಗಿ. ಸಂಕೋಚವನ್ನು ಬದಿಗಿಟ್ಟು ಆ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ. ಮಕ್ಕಳ ಮುಂದಿನ ಓದನ್ನು ಕುರಿತು ಮನೆಮನೆಯಲ್ಲಿಯೂ ಚರ್ಚೆಯೇಳುವ ಈ ದಿನಗಳಲ್ಲಿ ಇದು ಯಾರಿಗಾದರೂ ಉಪಯೋಗವಾದೀತು.

ನಮ್ಮ ತಂಗಿ ಮದುವೆಯಾಗಿ 2001ರಲ್ಲಿ ಇಂಗ್ಲೆಂಡಿಗೆ ಹೋದಳು. ಅವರ ಸಂಸಾರವಿರುವುದು ಮ್ಯಾಂಚೆಸ್ಟರ್ ನಗರದಲ್ಲಿ. ಅವಳಿಗೆ ಒಬ್ಬಳೇ ಮಗಳು. ಹುಡುಗಿ ಓದಿನಲ್ಲಿ ಚುರುಕು; ಒಳ್ಳೆಯ ವಿಶ್ವವಿದ್ಯಾನಿಲಯವೊಂದರಲ್ಲಿ ಅವಳಿಗೆ ಸ್ಥಳವೂ ದೊರೆತಿತ್ತು. ಹೀಗಿರುವಾಗ 2022ರ ಬೇಸಗೆಯಲ್ಲಿ ತಂಗಿ ಬರೆದು ತಿಳಿಸಿದಳು: ಹುಡುಗಿ ಆ ಸ್ಥಳವನ್ನು ಬಿಟ್ಟು ಒಂದು ಕಚೇರಿಯಲ್ಲಿ ಉಮೇದುವಾರಳಾಗಿ ಸೇರುತ್ತಾಳೆ, ಕೆಲಸ ಮಾಡುತ್ತಲೇ ಡಿಜಿಟಲ್ ವಿನ್ಯಾಸದಲ್ಲಿ ಪದವಿ ಪಡೆಯುತ್ತಾಳೆ, ಎಂದು.

ನಮಗೆ ಸಿಟ್ಟು ಬಂದಿತು. ಉಮೇದುವಾರಿಯೆಂದರೆ ನಮಗೆ ಗೊತ್ತಿದ್ದುದು ಹಳೆಯ ಮೈಸೂರಿನ ಕಚೇರಿಗಳ ಪದ್ಧತಿ: ಎಂದಾದರೊಂದು ದಿನ ಗುಮಾಸ್ತೆಯ ಕೆಲಸ ದೊರೆತೀತೆಂಬ ಆಸೆಯಿಂದ ಹುಡುಗರು ಸಂಬಳವಿಲ್ಲದೆ ಕಡತ ಹೊರುತ್ತಿದ್ದ ಸ್ಥಿತಿ. ವಿನ್ಯಾಸವೆಂದರೆ ಬಣ್ಣ ಬಳಿಯುವುದೆಂದು ತಿಳಿದಿದ್ದೆವು. ‘ಹಾಲನ್ನು ಚೆಲ್ಲಿ ಮಜ್ಜಿಗೆಗೆ ಕೈಯೊಡ್ಡುತ್ತಿದ್ದೀರಿ’ ಎಂದು ಕಟುವಾಗಿ ಉತ್ತರ ಬರೆದೆವು. ತಂಗಿಯಿಂದ ಬಂದ ಮರುತ್ತರ ಎರಡೇ ಸಾಲಿನದು: ‘ಅಣ್ಣ, ಈ ಮಾತನ್ನು ನೀನು ಒಮ್ಮೆ ನನಗೆ ಹೇಳಿದ್ದೆ. ನಾನು ಕೇಳಿದೆ. ಇವಳಿಗೆ ಬೇಡ.’

ಇದರ ಹಿನ್ನೆಲೆಯನ್ನು ಹೇಳಲೇಬೇಕು. 1992ರಲ್ಲಿ ತಂಗಿಗೆ ಹದಿನೇಳು ವರ್ಷ. ತಂದೆಯವರು ತೀರಿಕೊಂಡಿದ್ದರು, ಮನೆಯ ಯಜಮಾನಿಕೆ ನಮ್ಮ ಮೇಲಿತ್ತು. ಅವಳ ಕೈಯಲ್ಲಿ ರೇಖೆ ಬಹಳ ಚೆನ್ನಾಗಿ ಬರುತ್ತಿತ್ತು. ಚಿತ್ರಕಲೆಯ ಶಾಲೆಗೆ ಸೇರುತ್ತೇನೆಂದು ಅವಳು ಕೇಳಿದಳು. ಕುಂಚದಿಂದ ಹೊಟ್ಟೆ ತುಂಬದೆಂದು ಹೇಳಿ, ಬಿ.ಎಸ್‌ಸಿ.ಗೆ ಸೇರಿಸಿದೆವು. ಅವಳು ಎದುರಾಡಲಿಲ್ಲ, ತೇರ್ಗಡೆಯಾದಳು, ಆಮೇಲೆ ಚಿತ್ರ ಬರೆದುದನ್ನು ನಾವು ಕಾಣಲಿಲ್ಲ. ಮೂವತ್ತು ವರ್ಷ ಈ ವಿಷಯವನ್ನು ಅವಳೂ ಎತ್ತಿರಲಿಲ್ಲ, ನಾವೂ ನೆನೆದಿರಲಿಲ್ಲ. ಆ ಎರಡು ಸಾಲುಗಳನ್ನೋದಿದ ಮೇಲೆ ಬಹುದಿನ ಪತ್ರ ಬರೆಯಲು ನಮಗೆ ಕೈ ಬರಲಿಲ್ಲ.

2024ರಲ್ಲಿ ನಿವೃತ್ತರಾದ ಮೇಲೆ ತಂಗಿಯ ಆಗ್ರಹದಿಂದ ಎರಡು ತಿಂಗಳ ಮಟ್ಟಿಗೆ ಮ್ಯಾಂಚೆಸ್ಟರಿಗೆ ಹೋದೆವು. ಅಲ್ಲಿ ಹುಡುಗಿಯ ದಿನಚರಿಯನ್ನು ಕಣ್ಣಾರೆ ಕಂಡು, ಅವಳ ಬಾಯಿಂದಲೇ ಈ ಏರ್ಪಾಟಿನ ಸ್ವರೂಪವನ್ನು ತಿಳಿದುಕೊಂಡೆವು. ಇಂಗ್ಲೆಂಡಿನಲ್ಲಿ ಉಮೇದುವಾರಿಕೆ ಹೊಸದಲ್ಲ. 1563ರಲ್ಲಿಯೇ ಒಂದು ಶಾಸನವು ಕಸುಬು ಕಲಿಯುವವರು ಏಳು ವರ್ಷ ಯಜಮಾನನ ಬಳಿ ಇರತಕ್ಕದ್ದೆಂದು ವಿಧಿಸಿತ್ತು. ಆ ನಿರ್ಬಂಧ 1814ರಲ್ಲಿ ರದ್ದಾಯಿತು. ಆದರೆ ಕಸುಬು ಒಂದು ಕಡೆ, ಪದವಿ ಇನ್ನೊಂದು ಕಡೆ ಎಂಬ ಭೇದ ಮಾತ್ರ ಉಳಿದೇ ಇತ್ತು. 2015ರಲ್ಲಿ ಪದವಿಯನ್ನೂ ಉಮೇದುವಾರಿಯನ್ನೂ ಒಂದೇ ನೊಗಕ್ಕೆ ಹೂಡಿದ ವ್ಯವಸ್ಥೆ ಅಲ್ಲಿ ಆರಂಭವಾಯಿತು. 2017ರ ಏಪ್ರಿಲ್‌ನಲ್ಲಿ, ವರ್ಷಕ್ಕೆ ಮೂವತ್ತು ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಹಂಚುವ ಸಂಸ್ಥೆಗಳ ಮೇಲೆ ಸರಕಾರವು ನೂರಕ್ಕೆ ಅರ್ಧದಂತೆ ಒಂದು ತೆರಿಗೆಯನ್ನು ಹಾಕಿತು. ಆ ಹಣವನ್ನು ಸಂಸ್ಥೆಯು ಉಮೇದುವಾರರ ಶಿಕ್ಷಣಕ್ಕೆ ಬಳಸಬಹುದು.

ಇದರ ಫಲವೇನೆಂದರೆ, ವಿದ್ಯಾರ್ಥಿಯು ಶುಲ್ಕವಾಗಿ ಒಂದು ಪೆನ್ನಿಯನ್ನೂ ಕೊಡಬೇಕಾಗಿಲ್ಲ. ಹುಡುಗಿ ಸೇರಿದ ವರ್ಷ ಅಲ್ಲಿನ ವಿಶ್ವವಿದ್ಯಾನಿಲಯಗಳು ಸ್ವದೇಶದ ವಿದ್ಯಾರ್ಥಿಗಳಿಂದ ವರ್ಷಕ್ಕೆ 9,250 ಪೌಂಡುಗಳವರೆಗೆ ಶುಲ್ಕ ತೆಗೆದುಕೊಳ್ಳುತ್ತಿದ್ದುವು. ಬಹುಮಂದಿ ಅದನ್ನು ಸಾಲ ಮಾಡಿ ಕೊಡುತ್ತಿದ್ದರು. ಇವಳಿಗೆ ಸಾಲವಿಲ್ಲದುದು ಮಾತ್ರವಲ್ಲ, ತಿಂಗಳು ತಿಂಗಳಿಗೆ ಸಂಬಳವೂ ಇತ್ತು. ವಾರದಲ್ಲಿ ನಾಲ್ಕು ದಿನ ಕಚೇರಿ, ಒಂದು ದಿನ ಪಾಠ. ಕಚೇರಿಯಲ್ಲಿ ಅವಳನ್ನು ತಿದ್ದಲು ಒಬ್ಬ ಹಿರಿಯರು, ವಿಶ್ವವಿದ್ಯಾನಿಲಯದಲ್ಲಿ ಒಬ್ಬ ಅಧ್ಯಾಪಕರು. ಇಬ್ಬರೂ ನಿಯತಕಾಲದಲ್ಲಿ ಅವಳೊಡನೆ ಕುಳಿತು ಅಭಿವೃದ್ಧಿಯನ್ನು ಪರಾಮರ್ಶಿಸುತ್ತಾರೆ. ಕೊನೆಯಲ್ಲಿ ತಾನು ನಿಜವಾಗಿ ಮಾಡಿದ ಕೆಲಸವನ್ನು ಪರೀಕ್ಷಕರ ಮುಂದಿಟ್ಟು, ಏಕೆ ಹಾಗೆ ಮಾಡಿದೆನೆಂಬುದನ್ನು ಸಮರ್ಥಿಸಿಕೊಳ್ಳಬೇಕು.

ಇದನ್ನು ಕೇಳಿದಾಗ ನಮಗೆ ಕಾಳಿದಾಸನ ಮಾಲವಿಕಾಗ್ನಿಮಿತ್ರ ನೆನಪಾಯಿತು. ಅಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ಯಾರು ಮೇಲೆಂಬ ಕಲಹವೇಳುತ್ತದೆ. ಅದರ ತೀರ್ಮಾನವಾಗುವುದು ವಾದದಿಂದಲ್ಲ, ಶಿಷ್ಯೆಯ ಪ್ರಯೋಗವನ್ನು ನೋಡಿ. ಆ ನಾಟಕವನ್ನು ಎಷ್ಟೋ ಸಲ ಓದಿದ್ದ ನಾವು ಪ್ರಯೋಗವೆಂಬ ಪದಕ್ಕೆ ಅರ್ಥ ಹೇಳುವುದರಲ್ಲಿಯೇ ತೃಪ್ತರಾಗಿದ್ದೆವು.

ಒಂದು ಶನಿವಾರ ಹುಡುಗಿ ತನ್ನ ಕಂಪ್ಯೂಟರನ್ನು ನಮ್ಮ ಮುಂದಿಟ್ಟು, ‘ಮಾವ, ನನಗೊಂದು ಸಹಾಯ ಮಾಡಬೇಕು. ಈ ಪುಟದಲ್ಲಿ ವೈದ್ಯರನ್ನು ಕಾಣಲು ಸಮಯ ಗೊತ್ತುಮಾಡಿಕೊಳ್ಳಿ. ನಾನೇನೂ ಹೇಳಿಕೊಡುವುದಿಲ್ಲ. ಮನಸ್ಸಿಗೆ ತೋಚಿದ್ದನ್ನು ಬಾಯಿಬಿಟ್ಟು ಹೇಳುತ್ತ ಹೋಗಿ’ ಎಂದಳು. ಅದು ನಿಜವಾದ ಆಸ್ಪತ್ರೆಯದಲ್ಲ, ಅವಳು ಅಭ್ಯಾಸಕ್ಕಾಗಿ ರಚಿಸಿದ್ದ ಮಾದರಿ. ಮೊದಲಲ್ಲಿಯೇ ಎರಡು ಚೌಕಗಳು: ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು. ನಮಗೆ ಮನೆತನದ ಹೆಸರಿಲ್ಲ. ಊರಿನದೊಂದು ಅಕ್ಷರ, ತಂದೆಯವರದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಒಂದಕ್ಷರವನ್ನು ಬರೆದೆವು, ತಪ್ಪೆಂದು ಕೆಂಪು ಗೆರೆ ಬಂದಿತು. ಎರಡನ್ನೂ ಬರೆದೆವು, ಮತ್ತೆ ಕೆಂಪು ಗೆರೆ. ಅದರ ಕೆಳಗೆ ಬಿಳಿಯ ಮೇಲೆ ತಿಳಿಬೂದು ಬಣ್ಣದಲ್ಲಿದ್ದ ಸೂಚನೆ ನಮ್ಮ ಕಣ್ಣಿಗೆ ಕಾಣಲೇ ಇಲ್ಲ. ಮುಖ ಬೆವರಿತು. ‘ನಮಗಿದು ಬಾರದಮ್ಮ, ಎಲ್ಲೋ ತಪ್ಪು ಮಾಡಿದೆವು’ ಎಂದೆವು.

‘ತಪ್ಪು ನಿಮ್ಮದಲ್ಲ ಮಾವ, ಪುಟದ್ದು. ನೀವು ಎಡವಿದ ಕಡೆಗಳನ್ನೆಲ್ಲ ಗುರುತು ಹಾಕಿಕೊಂಡಿದ್ದೇನೆ’ ಎಂದಳು ಹುಡುಗಿ.

ಆಮೇಲೆ ಅವಳು ವಿವರಿಸಿದಳು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರತಕ್ಕ ಬೆಳಕಿನ ಅಂತರಕ್ಕೆ ಅಂತಾರಾಷ್ಟ್ರೀಯವಾದೊಂದು ಅಳತೆಯಿದೆ, ಒಂದಕ್ಕೆ ನಾಲ್ಕೂವರೆ. ತನ್ನ ಬೂದು ಬಣ್ಣ ಅದಕ್ಕೆ ಸಾಲದು. ಐರೋಪ್ಯ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡರಲ್ಲೊಬ್ಬನಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯದಾದ್ದರಿಂದ ಕೆಂಪು ಗೆರೆಯೊಂದನ್ನೇ ನಂಬುವಂತಿಲ್ಲ. ಯಾಕೋಬ್ ನೀಲ್ಸನ್ ಎಂಬ ತಜ್ಞನು 2000ದಲ್ಲಿ, ಐದು ಜನರಿಂದ ಪರೀಕ್ಷೆ ಮಾಡಿಸಿದರೆ ದೋಷಗಳ ಹೆಚ್ಚಿನ ಪಾಲು ಹೊರಬೀಳುವುದೆಂದೂ, ತಿದ್ದಿ ತಿದ್ದಿ ಮತ್ತೆ ಪರೀಕ್ಷಿಸಬೇಕೆಂದೂ ಬರೆದನಂತೆ. ಬ್ರಿಟಿಷ್ ಸರಕಾರವು ತನ್ನ ಇಲಾಖೆಗಳನ್ನೆಲ್ಲ ಒಂದೆಡೆಗೆ ತರಲು 2012ರಲ್ಲಿ ಆರಂಭಿಸಿದ ಜಾಲತಾಣಕ್ಕೆ, ಅಲಂಕಾರ ತೀರ ಕಡಿಮೆಯಿದ್ದರೂ, ಲಂಡನ್ನಿನ ಡಿಸೈನ್ ಮ್ಯೂಸಿಯಮ್ಮಿನವರು 2013ರಲ್ಲಿ ವರ್ಷದ ವಿನ್ಯಾಸವೆಂಬ ಪ್ರಶಸ್ತಿಯನ್ನು ಕೊಟ್ಟರು. ಬಣ್ಣ ಬಳಿಯುವುದಲ್ಲ, ಎಡವದಂತೆ ದಾರಿ ಮಾಡುವುದು ಈ ವಿದ್ಯೆ.

ಪಾಠದ ದಿನ ಕೇಳಿದ ಸೂತ್ರವನ್ನು ಅವಳು ಮರುದಿನವೇ ಕಚೇರಿಯಲ್ಲಿ ಪ್ರಯೋಗಿಸುತ್ತಾಳೆ. ಪ್ರಯೋಗದಲ್ಲಿ ಎದ್ದ ಸಂಶಯವನ್ನು ಮುಂದಿನ ವಾರ ಅಧ್ಯಾಪಕರ ಮುಂದಿಡುತ್ತಾಳೆ. ಸೂತ್ರಕ್ಕೂ ಉದಾಹರಣೆಗೂ ನಡುವೆ ಒಂದೇ ರಾತ್ರಿಯ ಅಂತರ! ನಮ್ಮ ಶಾಲೆಗಳಲ್ಲಿ ಅದು ಹತ್ತು ವರ್ಷದ್ದು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಯಣ್ ಸಂಧಿಯನ್ನು ಹೇಳಿಕೊಡುವಾಗ ವರ್ಷ ವರ್ಷವೂ ಹುಡುಗರು ಒಂದೇ ಸ್ಥಳದಲ್ಲಿ ತಪ್ಪುತ್ತಿದ್ದರು. ವರ್ಷ ವರ್ಷವೂ ನಾವು ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ನಲವತ್ತು ಮಂದಿ ಒಂದೇ ಮೆಟ್ಟಿಲಿನಲ್ಲಿ ಎಡವಿದರೆ ಮೆಟ್ಟಿಲನ್ನು ನೋಡಬೇಕೆಂಬುದು ನಮಗೆ ಹೊಳೆದಿರಲಿಲ್ಲ.

ಈ ದಾರಿ ಹೂವಿನ ಹಾಸಿಗೆಯೆಂದು ವಾಚಕರು ಭಾವಿಸಬಾರದು. ಓರಗೆಯವರು ಬೇಸಗೆಯ ರಜದಲ್ಲಿ ತಿರುಗಾಡುತ್ತಿರುವಾಗ ಇವಳಿಗೆ ನೌಕರರಿಗೆ ಸಲ್ಲುವ ರಜೆ ಮಾತ್ರ. ಹಗಲು ಕಚೇರಿ, ರಾತ್ರಿ ಪ್ರಬಂಧ. ಮೊದಲನೆಯ ಚಳಿಗಾಲದಲ್ಲಿ, ಎಲ್ಲವನ್ನೂ ಬಿಟ್ಟುಬಿಡುತ್ತೇನೆಂದು ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳಂತೆ. ಸ್ಥಳಗಳು ಕಡಿಮೆ, ಬಯಸುವವರು ಬಹಳ. ಎಲ್ಲಕ್ಕಿಂತ ಮಿಗಿಲಾಗಿ, ನೌಕರಿ ತಪ್ಪಿದರೆ ಓದಿಗೂ ಕುತ್ತು. ಒಂದೇ ಕಂಬಕ್ಕೆ ಎರಡು ತೊಲೆಗಳನ್ನು ಇಟ್ಟಂತೆ.

ನಮ್ಮ ದೇಶದಲ್ಲಿಯೂ 1961ರ ಶಾಸನವೊಂದು ಉಮೇದುವಾರರ ವಿಷಯವನ್ನು ನಿಯಮಿಸುತ್ತದೆ. 2020ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪದವಿಯೊಳಗೇ ಇಂತಹ ತರಬೇತಿಯನ್ನು ಸೇರಿಸಲು ಮಾರ್ಗಸೂಚಿಗಳನ್ನು ಹೊರಡಿಸಿತು. ಆದುದರಿಂದ ಈ ಪ್ರಶ್ನೆ ನಾಳೆ ನಮ್ಮ ಮನೆಗಳಿಗೂ ಬರತಕ್ಕದ್ದೇ. ಆಗ ಗೃಹಸ್ಥರು ಕೇಳಬೇಕಾದುವು ಇವು: ಪದವಿಯನ್ನು ಕೊಡುವವರು ಯಾರು? ಶುಲ್ಕ ಯಾರದು? ಸಂಬಳವೆಷ್ಟು? ಓದಿಗೆಂದು ವಾರದಲ್ಲಿ ಎಷ್ಟು ಹೊತ್ತನ್ನು ಬರವಣಿಗೆಯಲ್ಲಿ ಒಪ್ಪಿದ್ದಾರೆ? ಕೈ ಹಿಡಿದು ತಿದ್ದುವವರು ಯಾರು? ನಡುವೆ ಕೆಲಸ ಹೋದರೆ ಓದಿನ ಗತಿಯೇನು? ಇವಕ್ಕೆ ಸರಿಯಾದ ಉತ್ತರವಿಲ್ಲದ ಕಡೆ ಅದು ಅಗ್ಗದ ಕೂಲಿಯಾದೀತೇ ಹೊರತು ವಿದ್ಯೆಯಾಗದು.

ಹಿಂದಿರುಗುವ ಹಿಂದಿನ ದಿನ ತಂಗಿ ಅಡಿಗೆಮನೆಯಲ್ಲಿದ್ದಳು. ನಾವು ಬಾಗಿಲಲ್ಲಿ ನಿಂತು, ‘1992ರಲ್ಲಿ ನಾವು ಮಾಡಿದ್ದು ತಪ್ಪು’ ಎಂದೆವು. ಅದಕ್ಕಿಂತ ಹೆಚ್ಚು ಹೇಳಲು ನಾಲಗೆ ಏಳಲಿಲ್ಲ. ಅವಳು ಸ್ವಲ್ಪ ಹೊತ್ತು ಸೌಟನ್ನು ತಿರುವುತ್ತಿದ್ದು, ‘ಅಣ್ಣ, ಹುಳಿ ಆರಿಹೋಗುತ್ತದೆ, ಎಲೆಗೆ ಬಾ’ ಎಂದಳು. ಊಟದಲ್ಲಿ ನಮಗೆ ಇಷ್ಟವಾದ ಗೊಜ್ಜು ಎರಡು ಸಲ ಬಿದ್ದಿತು.

2025ರಲ್ಲಿ ಹುಡುಗಿಗೆ ಪದವಿ ಬಂದಿತು. ಅದೇ ಕಚೇರಿಯಲ್ಲಿ ಕೆಲಸವೂ ನಿಂತಿತು. ಅವಳು ಕಳುಹಿಸಿದ ಹೊಸ ಮಾದರಿಯಲ್ಲಿ ಹೆಸರಿಗೆ ಒಂದೇ ಉದ್ದನೆಯ ಚೌಕವಿದೆ. ನಮ್ಮ ಎರಡು ಅಕ್ಷರಗಳೂ ಹೆಸರೂ ಅದರಲ್ಲಿ ಸುಖವಾಗಿ ಕೂರುತ್ತವೆ.

ಕನ್ನಡದಲ್ಲಿ ಶಿಕ್ಷೆಯೆಂದರೆ ದಂಡನೆ. ಆದರೆ ಸಂಸ್ಕೃತದ ಶಿಕ್ಷ್ ಧಾತುವು ಮೂಲದಲ್ಲಿ ‘ಶಕ್’ ಎಂಬುದರ ಇಚ್ಛಾರ್ಥಕರೂಪವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ: ಶಕ್ತನಾಗಬೇಕೆಂಬ ಬಯಕೆಯೇ ಶಿಕ್ಷಣ. ಈ ವ್ಯುತ್ಪತ್ತಿಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆವು. ಅದರ ಅರ್ಥವನ್ನು ಕಲಿಯಲು ಮಾತ್ರ ನಿವೃತ್ತರಾಗಿ, ಸಮುದ್ರ ದಾಟಿ, ತಂಗಿಯ ಮಗಳ ಮುಂದೆ ಕೂರಬೇಕಾಯಿತು.